ನಟರ ಕೈಗೆ ಏನಾದರೂ ಕೊಡಿ

ಒಂದು ಚಿತ್ರಕಥೆಯನ್ನು ಓದುವವರು ಹಲವರು. ನಿರ್ಮಾಪಕರು ಇದಕ್ಕೆ ಎಷ್ಟು ಖರ್ಚಾಗಬಹುದು ಎಂದು ನೋಡುತ್ತಾರೆ. ಕ್ಯಾಮೆರಾದವರು ಹಗಲೋ ರಾತ್ರಿಯೋ, ಒಳಗೋ ಹೊರಗೋ ಎಂದು ನೋಡುತ್ತಾರೆ. ಶೆಡ್ಯೂಲ್ ಹಾಕುವವರು ಪ್ರತಿ ಪುಟವನ್ನೂ ಎಂಟು ಭಾಗ ಮಾಡಿ, ಈ ಸೀನ್ ಎಂಟರಲ್ಲಿ ಮೂರು ಭಾಗ, ಆ ಸೀನ್ ಎರಡು ಪುಟ ಎಂದು ಲೆಕ್ಕ ಹಾಕುತ್ತಾರೆ. ಇವರೆಲ್ಲ ಕಥೆಯನ್ನು ಹೊರಗೆ ನಿಂತು ಓದುವವರು. ನಟರಿಗೆ ಮಾತ್ರ ಆ ಅನುಕೂಲ ಇಲ್ಲ. ಅವರು ಮೈ ಸಮೇತ ಅದರೊಳಗೆ ಇಳಿಯಬೇಕು. ಹಾಗಾಗಿ ಅವರ ಪ್ರಶ್ನೆ ಬೇರೆಯವರ ಪ್ರಶ್ನೆಯಂತಲ್ಲ. ಈ ಸೀನ್‌ನಲ್ಲಿ ನಾನು ಏನು ಮಾಡಬೇಕು? ಅಷ್ಟೇ ಅವರಿಗೆ ಬೇಕಾಗಿರುವುದು.

ಎಷ್ಟೋ ಸ್ಕ್ರಿಪ್ಟ್‌ಗಳಲ್ಲಿ ಈ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಪಾತ್ರಕ್ಕೆ ಏನನ್ನಿಸುತ್ತಿದೆ ಎಂದು ಇರುತ್ತದೆ. ಅದಕ್ಕೆ ಹಿಂದೆ ಏನಾಗಿತ್ತು ಎಂದು ಇರುತ್ತದೆ. ಪ್ರೇಕ್ಷಕರು ಏನು ತಿಳಿದುಕೊಳ್ಳಬೇಕು ಎನ್ನುವುದಂತೂ ಜಾಸ್ತಿಯೇ ಇರುತ್ತದೆ. ಆದರೆ ಸೆಟ್ಟಿನಲ್ಲಿ ಲೈಟು ಹೊತ್ತಿಕೊಂಡು, 'ಆ್ಯಕ್ಷನ್' ಎಂದಾಗ ಒಬ್ಬ ಮನುಷ್ಯ ತನ್ನ ಕೈಕಾಲು, ಕಣ್ಣು, ದನಿ ಇಟ್ಟುಕೊಂಡು ಏನು ಮಾಡಬೇಕು ಎನ್ನುವುದು ಮಾತ್ರ ಇರುವುದಿಲ್ಲ.

ನಟರನ್ನು ಮನಸ್ಸಿನಲ್ಲಿಟ್ಟು ಬರೆಯಿರಿ ಎಂದರೆ ಕೆಲವರು ಅದನ್ನು ಸ್ಟಾರ್‌ಗಾಗಿ ಬರೆಯುವುದು ಎಂದುಕೊಳ್ಳುತ್ತಾರೆ. ಬಿಲ್ಡಪ್ ಕೊಟ್ಟು ಎಂಟ್ರಿ, ಶಿಳ್ಳೆ ಬೀಳುವ ಕಡೆ ಪಂಚ್ ಡೈಲಾಗ್, ಎಲ್ಲರೂ ಸುತ್ತ ನಿಂತು ಒಬ್ಬನನ್ನೇ ಹೊಗಳುವ ಸೀನ್. ಅದು ಬೇರೆಯದೇ ಲೆಕ್ಕ. ಅಲ್ಲಿ ಬರೆಯುವವರು ಸೇವೆ ಮಾಡುತ್ತಿರುವುದು ಒಂದು ಇಮೇಜಿಗೆ. ಆ ಇಮೇಜಿನ ಹಿಂದೆ ಇರುವ ನಟನಿಗೆ ಇದರಿಂದ ಏನೂ ಸಿಗುವುದಿಲ್ಲ. ನಡೆದು ಬಂದು ನಿಲ್ಲುವುದಷ್ಟೇ ಅವನ ಕೆಲಸವಾಗುತ್ತದೆ. ಒಳ್ಳೆಯ ನಟನಿಗೆ ಅದಕ್ಕಿಂತ ಬೇಜಾರಿನ ದಿನ ಇನ್ನೊಂದಿಲ್ಲ.

ನಾನು ಹೇಳುತ್ತಿರುವುದು ಹೆಸರಿಲ್ಲದ ನಟರಿಗೂ ಬೇಕಾಗುವ ಸಂಗತಿಯನ್ನು. ಒಂದು ಸಣ್ಣ ಸೀನ್ ಇಟ್ಟುಕೊಂಡೇ ಮಾತಾಡೋಣ. ಅಪ್ಪ ತೀರಿಕೊಂಡಿದ್ದಾರೆ. ಮಕ್ಕಳಿಬ್ಬರು ಅವರ ಕೋಣೆಯಲ್ಲಿದ್ದಾರೆ. ಸಾಮಾನ್ಯವಾಗಿ ಇದನ್ನು ಹೀಗೆ ಬರೆದಿರುತ್ತಾರೆ:

ಅಪ್ಪನ ಕೋಣೆ. ಅಣ್ಣ ಕಿಟಕಿಯ ಬಳಿ ನಿಂತಿದ್ದಾನೆ. ಹಳೆಯ ನೆನಪುಗಳು ಅವನನ್ನು ಕಾಡುತ್ತಿವೆ. ತಂಗಿ ಒಳಗೆ ಬರುತ್ತಾಳೆ. ಅವಳ ಕಣ್ಣುಗಳಲ್ಲಿ ದುಃಖ, ಕೋಪ, ಹೇಳಲಾಗದ ಒಂದು ಪ್ರಶ್ನೆ. ಇಬ್ಬರ ನಡುವೆ ಭಾರವಾದ ಮೌನ.

ಓದುವುದಕ್ಕೆ ಚೆನ್ನಾಗಿದೆ. ಕಾದಂಬರಿಯಲ್ಲಿ ಬಂದಿದ್ದರೆ ತಕರಾರಿಲ್ಲ. ಆದರೆ ಅಣ್ಣನ ಪಾತ್ರ ಮಾಡುವವನ ಜಾಗದಲ್ಲಿ ನಿಂತು ನೋಡಿ. ನೆನಪು ಕಾಡುವುದನ್ನು ಮಾಡುವುದು ಹೇಗೆ? ಅವನು ಕಿಟಕಿಯಾಚೆ ದಿಟ್ಟಿಸುತ್ತಾನೆ. ಉಸಿರು ಬಿಡುತ್ತಾನೆ. ಬೇರೆ ದಾರಿಯೇ ಇಲ್ಲ. ತಂಗಿಯ ಪಾತ್ರದವಳಿಗೋ ಮೂರು ಭಾವ ಒಟ್ಟಿಗೆ ಕೊಟ್ಟಿದ್ದೇವೆ, ಅದೂ ಕಣ್ಣಲ್ಲೇ ತೋರಿಸಬೇಕು. ಆಮೇಲೆ ಅದು ನಾಟಕೀಯವಾಗಿ ಬಂತು ಎಂದು ಅವಳನ್ನೇ ದೂರುತ್ತೇವೆ.

ಇದೇ ಸೀನ್ ಇನ್ನೊಂದು ರೀತಿ:

ಅಪ್ಪನ ಕೋಣೆ. ಅಣ್ಣ ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದಾನೆ. ಬೇಡದ್ದನ್ನು ಕಾಲ ಬಳಿಯ ಚೀಲಕ್ಕೆ ಹಾಕುತ್ತಿದ್ದಾನೆ. ತಂಗಿ ಬಂದು ಬಾಗಿಲಲ್ಲೇ ನಿಲ್ಲುತ್ತಾಳೆ. ಅವನು ಅಪ್ಪನ ಕನ್ನಡಕ ಎತ್ತಿ ಚೀಲಕ್ಕೆ ಹಾಕುತ್ತಾನೆ. ಅವಳು ಬಂದು ಅದನ್ನು ಚೀಲದಿಂದ ತೆಗೆದುಕೊಳ್ಳುತ್ತಾಳೆ.

ಅಣ್ಣ: ಅದರ ಗಾಜು ಒಡೆದಿದೆ ಕಣೆ.

ತಂಗಿ: ಗೊತ್ತು.

ಅವಳು ಕನ್ನಡಕ ಒರೆಸುತ್ತಾಳೆ. ಅವನು ಕೆಳಗಿನ ಡ್ರಾಯರ್ ಎಳೆಯುತ್ತಾನೆ. ಸಿಕ್ಕಿಕೊಂಡಿದೆ. ಮತ್ತೆ ಎಳೆಯುತ್ತಾನೆ.

ಅಣ್ಣ: ಮನೆ ನೋಡೋಕೆ ನಾಳೆ ಬೆಳಿಗ್ಗೆ ಬರ್ತಾರಂತೆ.

ಇಲ್ಲಿ ದುಃಖ ಎಂಬ ಪದವೇ ಇಲ್ಲ. ಆದರೆ ಇಬ್ಬರಿಗೂ ಕೆಲಸ ಇದೆ. ಅವನಿಗೆ ಈ ಕೋಣೆ ಬೇಗ ಖಾಲಿಯಾಗಬೇಕು. ಅವಳಿಗೆ ಅದು ಬೇಡ. ಅವನ ಸಿಟ್ಟು, ಸಂಕಟ, ಅವಸರ ಎಲ್ಲಕ್ಕೂ ಆ ಸಿಕ್ಕಿಕೊಂಡ ಡ್ರಾಯರ್ ಒಂದು ಜಾಗ ಕೊಡುತ್ತದೆ. ಅವನು ಅದನ್ನು ಜೋರಾಗಿ ಎಳೆಯಬಹುದು, ಸೋತು ಬಿಟ್ಟುಬಿಡಬಹುದು, ಎಳೆಯುತ್ತಲೇ ಬೆನ್ನು ಹಾಕಿ ಆ ಕೊನೆಯ ಮಾತು ಹೇಳಬಹುದು. ಯಾವುದು ಎಂದು ನಾನು ಬರೆದಿಲ್ಲ. ಅದು ಅವನದು. ತಂಗಿಯ ಪಾತ್ರದವಳು 'ಗೊತ್ತು' ಎಂಬ ಒಂದೇ ಪದವನ್ನು ಹತ್ತು ರೀತಿ ಹೇಳಬಲ್ಲಳು. ಅವಳ ಕೈಯಲ್ಲಿ ಕನ್ನಡಕ ಇರುವುದರಿಂದ ಕಣ್ಣಲ್ಲಿ ಏನನ್ನೂ ತೋರಿಸುವ ತುರ್ತು ಅವಳಿಗಿಲ್ಲ.

ರಷ್ಯಾದ ಕಾನ್‌ಸ್ತಾಂತಿನ್ ಸ್ತಾನಿಸ್ಲಾವ್‌ಸ್ಕಿ 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಶುರುಮಾಡಿದವರಲ್ಲಿ ಒಬ್ಬರು. ನಟನೆಯ ಬಗ್ಗೆ ಜೀವನವಿಡೀ ತಲೆಕೆಡಿಸಿಕೊಂಡವರು. ನಟ ಭಾವವನ್ನು ನೇರವಾಗಿ ಹಿಡಿಯಲು ಹೋಗಬಾರದು, ಪಾತ್ರ ಯಾವ ಪರಿಸ್ಥಿತಿಯಲ್ಲಿದೆ, ಅದಕ್ಕೆ ಈಗ ಏನು ಬೇಕಾಗಿದೆ, ಅದಕ್ಕಾಗಿ ಏನು ಮಾಡುತ್ತದೆ ಎಂಬುದನ್ನು ಹಿಡಿಯಬೇಕು ಎನ್ನುವುದು ಅವರ ಪಾಠದ ತಿರುಳು. ಇದನ್ನು ನಟರೆಲ್ಲ ಒಂದಲ್ಲ ಒಂದು ರೂಪದಲ್ಲಿ ಕಲಿತಿರುತ್ತಾರೆ. ಬರೆಯುವವರಿಗೆ ಮಾತ್ರ ಯಾರೂ ಕಲಿಸುವುದಿಲ್ಲ. ಆದರೆ ಪರಿಸ್ಥಿತಿ, ಬೇಕು, ಅಡ್ಡಿ, ಈ ಮೂರನ್ನೂ ಪುಟದ ಮೇಲೆ ಇಡಬೇಕಾದವರು ನಾವೇ ಅಲ್ವಾ? ಅಲ್ಲಿ ಇಲ್ಲದಿದ್ದರೆ ನಟ ಅದನ್ನು ತಾನೇ ಹುಟ್ಟಿಸಿಕೊಳ್ಳುತ್ತಾನೆ. ಅವನು ಹುಟ್ಟಿಸಿಕೊಂಡದ್ದು, ಎದುರಿನವಳು ಹುಟ್ಟಿಸಿಕೊಂಡದ್ದು ಎರಡೂ ಬೇರೆ ಬೇರೆ ಕಥೆಯಾಗಿರುತ್ತವೆ.

ನಮ್ಮ ನಾಟ್ಯಶಾಸ್ತ್ರ ಅಭಿನಯವನ್ನು ನಾಲ್ಕಾಗಿ ವಿಂಗಡಿಸುತ್ತದೆ. ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ. ಮೈಯಿಂದ ಮಾಡುವುದು, ಮಾತಿನಿಂದ ಮಾಡುವುದು, ವೇಷಭೂಷಣದಿಂದ ಬರುವುದು, ಮತ್ತು ಒಳಗಿನಿಂದ ತಾನಾಗಿ ಉಕ್ಕುವುದು. ಕಣ್ಣೀರು, ಬೆವರು, ನಡುಕ, ರೋಮಾಂಚನ, ದನಿ ಒಡೆಯುವುದು, ಮುಖ ಬಿಳಿಚಿಕೊಳ್ಳುವುದು ಎಲ್ಲ ಕೊನೆಯ ಗುಂಪಿಗೆ ಸೇರಿದವು. ನನಗೆ ಈ ವಿಂಗಡಣೆ ಬರೆಯುವಾಗ ತುಂಬ ಉಪಯೋಗಕ್ಕೆ ಬರುತ್ತದೆ. ಮೊದಲ ಮೂರರ ಬಗ್ಗೆ ಬರೆಯುವವರು ಧೈರ್ಯವಾಗಿ ಬರೆಯಬಹುದು. ಅವನು ಎದ್ದು ಹೋದ, ಹೀಗೆಂದ, ಒದ್ದೆ ಬಟ್ಟೆಯಲ್ಲೇ ಬಂದ. ನಾಲ್ಕನೆಯದನ್ನು ಮಾತ್ರ ಆರ್ಡರ್ ಮಾಡಲಾಗದು. 'ಅವಳ ಮುಖ ಬಿಳಿಚಿಕೊಳ್ಳುತ್ತದೆ' ಎಂದು ಬರೆದರೆ ಅದು ನಟಿಗೆ ಕೊಟ್ಟ ಕೆಲಸವಲ್ಲ, ಸುಮ್ನೆ ಹೇರಿದ ಭಾರ. ಮೊದಲ ಮೂರನ್ನು ಸರಿಯಾಗಿ ಕೊಟ್ಟರೆ ನಾಲ್ಕನೆಯದು ಬಂದರೂ ಬರಬಹುದು.

ಬರದೇ ಇದ್ದರೂ ಪರವಾಗಿಲ್ಲ ಎನ್ನುವುದು ಸಿನಿಮಾದ ದೊಡ್ಡ ಉಪಕಾರ. ಲೆವ್ ಕುಲೆಶೊವ್ ಎಂಬ ಸೋವಿಯತ್ ನಿರ್ದೇಶಕರ ಪ್ರಯೋಗದ ಕಥೆ ಸಿನಿಮಾ ಓದಿದವರಿಗೆಲ್ಲ ಗೊತ್ತು. ಒಬ್ಬ ನಟನ ಒಂದೇ ಮುಖದ ಶಾಟ್. ಅದರ ಪಕ್ಕಕ್ಕೆ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ. ನೋಡಿದವರು ಆ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರಂತೆ. ಇದನ್ನು ಎಡಿಟಿಂಗ್‌ನ ಪಾಠವಾಗಿ ಹೇಳಿಕೊಡುತ್ತಾರೆ. ನಾನು ಇದನ್ನು ಬರೆಯುವವರ ಪಾಠವಾಗಿಯೂ ಓದುತ್ತೇನೆ. ಮುಖದ ಪಕ್ಕದಲ್ಲಿ ಏನಿದೆ ಎಂಬುದನ್ನು ನಾವು ಸರಿಯಾಗಿ ಇಟ್ಟರೆ ಮುಖ ಸುಮ್ಮನಿರಬಹುದು. ಒಡೆದ ಕನ್ನಡಕ ಇದ್ದರೆ ಅಣ್ಣ ಅಳಬೇಕಾಗಿಲ್ಲ.

ಮಾತಿನ ಮುಂದೆ ಆವರಣದಲ್ಲಿ (ಕೋಪದಿಂದ), (ನೋವಿನಿಂದ), (ವಿಷಾದದ ನಗೆ ನಕ್ಕು) ಎಂದು ಬರೆಯುವ ಅಭ್ಯಾಸ ಇದೆಯಲ್ಲ, ಅದರ ಬಗ್ಗೆಯೂ ಒಂದು ಮಾತು. ಸ್ಕ್ರಿಪ್ಟ್ ಕೈಗೆ ಬಂದ ಕೂಡಲೇ ಪೆನ್ ತಗೊಂಡು ಇವನ್ನೆಲ್ಲ ಹೊಡೆದುಹಾಕುವ ನಟರಿದ್ದಾರೆ. ಅದು ಸೊಕ್ಕಲ್ಲ. ಮಾತನ್ನು ಹೇಗೆ ಹೇಳಬೇಕೆಂದು ಮೊದಲೇ ಕಿವಿಗೆ ಬಿದ್ದುಬಿಟ್ಟರೆ ಹುಡುಕುವುದಕ್ಕೆ ಏನೂ ಉಳಿಯುವುದಿಲ್ಲ. ಮಾತಿನ ಅರ್ಥ ಅಕ್ಷರಕ್ಕೆ ತದ್ವಿರುದ್ಧವಾಗಿರುವ ಕಡೆ ಮಾತ್ರ ಅಂಥ ಸೂಚನೆ ಬೇಕಾಗುತ್ತದೆ. ಪಾತ್ರ 'ಹೋಗು' ಎನ್ನುತ್ತಿರುವುದು ಹೋಗಬೇಡ ಎಂದಾದರೆ, ಮತ್ತು ಸೀನ್‌ನಲ್ಲಿ ಅದು ಬೇರೆ ಎಲ್ಲೂ ಗೊತ್ತಾಗದಿದ್ದರೆ, ಆಗ ಬರೆಯಿರಿ.

ಇನ್ನು ಸಂಭಾಷಣೆ. ಜೋರಾಗಿ ಓದಿ ನೋಡಿ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ, ಒಳ್ಳೆಯದೇ. ಆದರೆ ಕೂತು ಓದಿದರೆ ಸಾಲದು. ಮೆಟ್ಟಿಲು ಹತ್ತುತ್ತಾ ಹೇಳುವ ಮಾತನ್ನು ಮೆಟ್ಟಿಲು ಹತ್ತುತ್ತಲೇ ಓದಬೇಕು. ಉಸಿರು ಎಲ್ಲಿ ಮುಗಿಯುತ್ತದೆ ಎಂದು ಆಗ ತಿಳಿಯುತ್ತದೆ. ಪುಟದ ಮೇಲೆ ಚಂದ ಕಾಣುವ ನಾಲ್ಕು ಸಾಲಿನ ವಾಕ್ಯ ಬಾಯಿಗೆ ಬಂದಾಗ ಮಧ್ಯದಲ್ಲಿ ಮುರಿದು ಬೀಳುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬರಹದ ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. 'ನಿನ್ನೆ ರಾತ್ರೀನೇ ಅವನ ದುಡ್ಡು ವಾಪಸ್ ಕೊಟ್ಬಿಟ್ಟೆ' ಎಂದು ಬರೆದೆವು ಎನ್ನಿ. ಎದುರಿನ ನಟ ಮಧ್ಯೆ ಬಾಯಿ ಹಾಕಬೇಕು. ಎಲ್ಲಿ ಹಾಕುವುದು? 'ಕೊಟ್ಬಿಟ್ಟೆ' ಬರುವ ತನಕ ಅವನಿಗೆ ಸಿಟ್ಟು ಬರಲು ಕಾರಣವೇ ಇಲ್ಲ. ಅದು ಬಂದಾಗ ಮಾತೇ ಮುಗಿದಿರುತ್ತದೆ. ಹಾಗಾಗಿ ಜಗಳದ ಸೀನ್‌ಗಳು ಒಬ್ಬರಾದ ಮೇಲೆ ಒಬ್ಬರು ಸರದಿಯಲ್ಲಿ ನಿಂತು ಮಾತಾಡಿದಂತೆ ಕೇಳಿಸುತ್ತವೆ. ನಟರು ಚುರುಕಿಲ್ಲ ಎಂದುಕೊಳ್ಳುತ್ತೇವೆ. ಆದರೆ ನಾವು ದಿನವೂ ಮಾತಾಡುವುದು ಹಾಗಲ್ಲ. 'ಕೊಟ್ಬಿಟ್ಟೆ ಕಣೋ, ಅವನ ದುಡ್ಡು, ನಿನ್ನೆ ರಾತ್ರೀನೇ' ಎನ್ನುತ್ತೇವೆ. ಹೀಗೆ ಬರೆದರೆ ಮೊದಲ ಪದಕ್ಕೇ ಎದುರಿನವನು ಏಳಬಹುದು. ಉಳಿದ ಮಾತು ಅವನ ದನಿಯ ಅಡಿಯಲ್ಲಿ ಹೋದರೂ ನಷ್ಟವಿಲ್ಲ. ಒಬ್ಬ ನಟನ ಮಾತನ್ನು ಬರೆಯುವಾಗ ಅದನ್ನು ಕೇಳುತ್ತಾ ನಿಂತ ಇನ್ನೊಬ್ಬ ನಟನಿಗೂ ಬರೆಯುತ್ತಿದ್ದೇವೆ ಎಂಬುದು ನೆನಪಿರಬೇಕು. ಪರದೆಯ ಮೇಲೆ ಎಷ್ಟೋ ಸಲ ಕಾಣುವುದು ಕೇಳುವವರ ಮುಖವೇ.

ಫೋನ್ ಸೀನ್‌ಗಳಲ್ಲಿ ಈ ಕಷ್ಟ ಇನ್ನೂ ಜಾಸ್ತಿ. 'ಹಲೋ... ಹೌದಾ... ಯಾವಾಗ?... ಸರಿ' ಎಂದು ಚುಕ್ಕಿ ಇಟ್ಟು ಬರೆದುಬಿಡುತ್ತೇವೆ. ಪಾಪ, ಆ ನಟಿ ಶಬ್ದವೇ ಇಲ್ಲದ ಫೋನನ್ನು ಕಿವಿಗಿಟ್ಟುಕೊಂಡು, ಆ ಮೂರು ಚುಕ್ಕಿಗಳಲ್ಲಿ ಏನು ಕೇಳಿಸಿಕೊಳ್ಳಬೇಕು? ನಾನು ಆ ಕಡೆಯ ಮಾತನ್ನೂ ಪೂರ್ತಿ ಬರೆದು ಬೇರೆ ಹಾಳೆಯಲ್ಲಿ ಕೊಡುತ್ತೇನೆ. ಸಿನಿಮಾದಲ್ಲಿ ಅದು ಕೇಳಿಸುವುದಿಲ್ಲ. ಶೂಟಿಂಗ್ ದಿನ ಕ್ಯಾಮೆರಾದ ಪಕ್ಕ ನಿಂತು ಯಾರಾದರೂ ಓದಿದರೆ ಸಾಕು. ಬರೆಯುವಾಗಲೂ ಇದರಿಂದ ಲಾಭ ಇದೆ. ಆ ಕಡೆಯ ಮಾತು ಬರೆದ ಮೇಲೆ ಈ ಕಡೆಯ ಅರ್ಧ ಮಾತು ಬೇಡವೆನಿಸುತ್ತದೆ.

ಶೂಟಿಂಗ್ ಕಥೆಯ ಕ್ರಮದಲ್ಲಿ ನಡೆಯುವುದು ಅಪರೂಪ ಎನ್ನುವುದು ಎಲ್ಲರಿಗೂ ಗೊತ್ತು. ಒಂದು ಜಾಗದಲ್ಲಿ ಆಗಬೇಕಾದ ಸೀನ್‌ಗಳನ್ನೆಲ್ಲ ಒಟ್ಟಿಗೆ ಮುಗಿಸುತ್ತಾರೆ. ಬೆಳಿಗ್ಗೆ ಬೇರೆಯಾಗುವ ಸೀನ್, ಮಧ್ಯಾಹ್ನ ಮೊದಲ ಭೇಟಿ. ಪೂರ್ತಿ ಕಥೆ ತಲೆಯಲ್ಲಿದ್ದರೂ, ಈ ಕ್ಷಣಕ್ಕೆ ಅರ್ಧ ಗಂಟೆ ಮುಂಚೆ ಪಾತ್ರ ಎಲ್ಲಿತ್ತು ಎಂಬುದು ನಟರ ಕೈ ತಪ್ಪಿ ಹೋಗುತ್ತದೆ. ಅದಕ್ಕೇ ಸೀನ್‌ನ ಮೊದಲ ಸಾಲಿನಲ್ಲೇ ಹಿಂದಿನದರ ಒಂದು ಗುರುತು ಇಡುವುದು ನನಗೆ ಇಷ್ಟ. ಓಡಿ ಬಂದಿದ್ದಾನೆ, ಇನ್ನೂ ಚಪ್ಪಲಿ ಬಿಟ್ಟಿಲ್ಲ. ರಾತ್ರಿಯಿಡೀ ನಿದ್ದೆ ಮಾಡಿಲ್ಲ, ನಿನ್ನೆಯ ಬಟ್ಟೆಯಲ್ಲೇ ಇದ್ದಾಳೆ. ಇದು ಕಾಸ್ಟ್ಯೂಮ್‌ನವರಿಗೂ ಬೇಕಾದದ್ದೇ. ಆದರೆ ನಟರಿಗೆ ಅದು ಸೀನ್‌ನೊಳಗೆ ಕಾಲಿಡುವ ಬಾಗಿಲು.

ಇನ್ನೊಂದು ಸಂಗತಿ, ಒಂದೇ ಸೀನ್ ಎಷ್ಟು ಸಲ ಮಾಡಬೇಕಾಗುತ್ತದೆ ಎಂಬುದು. ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ, ಎದುರಿನವರ ಭುಜದ ಮೇಲಿನಿಂದ ಒಮ್ಮೆ, ಪ್ರತಿಯೊಂದಕ್ಕೂ ಹಲವು ಟೇಕ್. ಇಡೀ ಸೀನ್ ಪಾತ್ರಗಳು ಊಟ ಮಾಡುತ್ತಾ ಮಾತಾಡುತ್ತವೆ ಎಂದು ಬರೆಯುವುದು ಸುಲಭ. ನಟ ಒಮ್ಮೆ ಯಾವ ಪದಕ್ಕೆ ತುತ್ತು ಬಾಯಿಗಿಟ್ಟನೋ ಪ್ರತಿ ಟೇಕ್‌ನಲ್ಲೂ ಅದೇ ಪದಕ್ಕೆ ಇಡಬೇಕು. ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಜೋಡಿಸಲು ಬರುವುದಿಲ್ಲ. ಸಂಜೆಯ ಹೊತ್ತಿಗೆ ಅವನ ಹೊಟ್ಟೆ, ತಲೆ ಎರಡೂ ಕೆಟ್ಟಿರುತ್ತದೆ. ಊಟದ ಸೀನ್ ಬೇಡವೆಂದಲ್ಲ. ತಿನ್ನುವುದು ಎಲ್ಲಿ ಮುಖ್ಯ, ಎಲ್ಲಿ ತಟ್ಟೆ ಸುಮ್ಮನೆ ಮುಂದಿದ್ದರೆ ಸಾಕು ಎಂದು ಯೋಚಿಸಿ ಬರೆಯಬಹುದು. ಅಳುವಿನ ವಿಷಯದಲ್ಲೂ ಅಷ್ಟೇ. ಒಂದು ಸಿನಿಮಾದಲ್ಲಿ ಏಳು ಕಡೆ 'ಬಿಕ್ಕಿ ಬಿಕ್ಕಿ ಅಳುತ್ತಾಳೆ' ಎಂದು ಬರೆಯುವ ಮುಂಚೆ, ಒಬ್ಬ ನಟಿ ಅದನ್ನು ಇಡೀ ದಿನ ಮತ್ತೆ ಮತ್ತೆ ಮಾಡಬೇಕು ಎಂದು ನೆನೆಯಬೇಕು. ಏಳರಲ್ಲಿ ಆರು ಕಡೆ ಅಳು ತಡೆದುಕೊಳ್ಳುವುದನ್ನು ಬರೆದರೆ ಸೀನೂ ಗಟ್ಟಿಯಾಗುತ್ತದೆ.

ಮೈ ಮುಟ್ಟುವ, ಬಟ್ಟೆ ಕಳಚುವ, ಹಿಂಸೆಯ ಸೀನ್‌ಗಳಲ್ಲಂತೂ ಅಸ್ಪಷ್ಟವಾಗಿ ಬರೆಯುವುದು ಅನ್ಯಾಯ. 'ಅವರ ನಡುವೆ ಎಲ್ಲ ಎಲ್ಲೆಗಳೂ ಕರಗುತ್ತವೆ' ಎಂದು ಕಾವ್ಯವಾಗಿ ಬರೆದು ಕೈತೊಳೆದುಕೊಂಡರೆ, ಅದರ ಅರ್ಥವನ್ನು ನಟಿ ಸೆಟ್ಟಿನಲ್ಲಿ, ಎಲ್ಲರ ಮುಂದೆ, ಒತ್ತಡದಲ್ಲಿ ನಿರ್ಧರಿಸಬೇಕಾಗುತ್ತದೆ. 2018ರಲ್ಲಿ ಅಮೆರಿಕದ ಟೀವಿ ವಾಹಿನಿ ಎಚ್‌ಬಿಒ ತನ್ನ ಸರಣಿಗಳ ಮೈ ಮುಟ್ಟುವ, ಬಟ್ಟೆ ಕಳಚುವ ದೃಶ್ಯಗಳಿಗೆಲ್ಲ ಇಂಟಿಮಸಿ ಕೋಆರ್ಡಿನೇಟರ್, ಅಂದರೆ ನಟರ ಒಪ್ಪಿಗೆ, ಸುರಕ್ಷತೆ ನೋಡಿಕೊಳ್ಳುವವರು, ಇರಬೇಕು ಎಂದು ನಿಯಮ ಮಾಡಿತು. ಆ ಕೆಲಸ ಮಾಡುವವರು ಮೊದಲು ಕೈಗೆತ್ತಿಕೊಳ್ಳುವುದು ಸ್ಕ್ರಿಪ್ಟನ್ನೇ. ಏನು ಕಾಣುತ್ತದೆ, ಏನು ಕಾಣುವುದಿಲ್ಲ, ಕಥೆಗೆ ಬೇಕಾದದ್ದು ಎಷ್ಟು ಎಂದು ಪುಟದ ಮೇಲೆ ನೇರವಾಗಿ ಇದ್ದರೆ ಒಪ್ಪುವವರು ತಿಳಿದು ಒಪ್ಪುತ್ತಾರೆ. ಬೇಡ ಎನ್ನುವವರು ಮೊದಲೇ ಬೇಡ ಎನ್ನುತ್ತಾರೆ.

ಯಾರು ಮಾಡುತ್ತಾರೆಂದು ಗೊತ್ತಾದ ಮೇಲೆ ಸ್ಕ್ರಿಪ್ಟ್ ಬದಲಾಯಿಸಬೇಕೆ? ಬದಲಾಯಿಸಿದರೆ ಬರವಣಿಗೆಗೆ ಅವಮಾನ ಎಂದು ಕೆಲವರು ನಂಬುತ್ತಾರೆ. ನಾನು ನಂಬುವುದಿಲ್ಲ. ಶೇಕ್ಸ್‌ಪಿಯರ್‌ನ 'ಮಚ್ ಅಡೂ ಅಬೌಟ್ ನಥಿಂಗ್' 1600ರಲ್ಲಿ ಅಚ್ಚಾದಾಗ ಒಂದು ದೃಶ್ಯದಲ್ಲಿ ಪಾತ್ರಗಳ ಹೆಸರಿರಬೇಕಾದ ಕಡೆ ಕೆಂಪ್, ಕೌಲಿ ಎಂಬ ನಟರ ಹೆಸರುಗಳೇ ಉಳಿದುಬಿಟ್ಟಿವೆ. ಬರೆಯುವಾಗ ಆ ಇಬ್ಬರು ನಟರೇ ಅವನ ಕಣ್ಣಮುಂದೆ ಇದ್ದರು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ವಿಲ್ ಕೆಂಪ್ ಜನರನ್ನು ಬಿದ್ದು ಬಿದ್ದು ನಗಿಸುವ, ಕುಣಿಯುವ ಹಾಸ್ಯನಟ. 1599ರ ಹೊತ್ತಿಗೆ ಅವನು ಶೇಕ್ಸ್‌ಪಿಯರ್‌ನ ನಾಟಕ ಕಂಪನಿ ಬಿಟ್ಟ. ಅವನ ಜಾಗಕ್ಕೆ ಬಂದವನು ರಾಬರ್ಟ್ ಆರ್ಮಿನ್, ಹಾಡುಗಾರ, ಮಾತಿನ ಚತುರ. ಆಮೇಲಿನ ನಾಟಕಗಳ ವಿದೂಷಕರು ಹಾಡುತ್ತಾರೆ, ಒಗಟಿನಂತೆ ಮಾತಾಡುತ್ತಾರೆ. ನಟ ಬದಲಾದ, ಬರವಣಿಗೆಯೂ ಬದಲಾಯಿತು. ಅದರಿಂದ ನಾಟಕಕ್ಕೆ ಕೆಡುಕೇನೂ ಆಗಲಿಲ್ಲ.

ಆ ಕಾಲದ ಇನ್ನೊಂದು ಪದ್ಧತಿಯಿಂದ ನಾನು ಒಂದು ಉಪಾಯ ಎತ್ತಿಕೊಂಡಿದ್ದೇನೆ. ಆಗ ನಟರ ಕೈಗೆ ಪೂರ್ತಿ ನಾಟಕ ಸಿಗುತ್ತಿರಲಿಲ್ಲ. ಪ್ರತಿಯೊಬ್ಬರಿಗೂ ಅವರವರ ಮಾತು, ಅದರ ಮುಂಚೆ ಎದುರಿನವರು ಹೇಳುವ ಕೊನೆಯ ಎರಡು ಮೂರು ಪದ, ಇಷ್ಟನ್ನೇ ಬರೆದ ಸುರುಳಿ ಕೊಡುತ್ತಿದ್ದರು. ಎಡ್ವರ್ಡ್ ಆಲಿನ್ ಎಂಬ ನಟ ಬಳಸಿದ ಅಂಥ ಒಂದು ಪ್ರತಿ ಲಂಡನ್ನಿನ ಡಲ್ಲಿಚ್ ಕಾಲೇಜಿನಲ್ಲಿ ಇಂದಿಗೂ ಇದೆ. ನಾನು ಸ್ಕ್ರಿಪ್ಟ್ ಮುಗಿದ ಮೇಲೆ ಒಂದೊಂದು ಪಾತ್ರದ್ದೂ ಹೀಗೆ ಬೇರೆ ತೆಗೆದು, ಆ ಪಾತ್ರ ಇರುವ ಸೀನ್‌ಗಳನ್ನಷ್ಟೇ ಓದುತ್ತೇನೆ. ನಾನು ಆ ನಟ, ನನಗೆ ಸಿಕ್ಕಿರುವುದು ಇಷ್ಟೇ ಎಂದುಕೊಂಡು ಓದುತ್ತೇನೆ. ಮುಖ್ಯ ಪಾತ್ರದ ಸುರುಳಿ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಗೋಳು ಇರುವುದು ಉಳಿದವುಗಳಲ್ಲಿ. ಗೆಳೆಯನ ಪಾತ್ರ ಇಡೀ ಸಿನಿಮಾ 'ಏನಾಯ್ತೋ?' ಎಂದು ಕೇಳುತ್ತಿರುತ್ತದೆ. ಅಮ್ಮನ ಪಾತ್ರ ಪ್ರತಿ ಸೀನ್‌ನಲ್ಲೂ ಯಾರಿಗೋ ಕಾಯುತ್ತಿರುತ್ತದೆ. ಅವರಿಗೆ ಸ್ವಂತಕ್ಕೆ ಏನೂ ಬೇಕಾಗಿಲ್ಲ.

ಮೊನ್ನೆ ಹೀಗೆ ಓದುವಾಗ ಒಂದು ನರ್ಸ್ ಪಾತ್ರದ ಸುರುಳಿ ಬಂತು. ಒಂದೇ ಸೀನ್, ಒಂದೇ ಮಾತು: 'ನೀವು ಒಳಗೆ ಹೋಗಬಹುದು.' ಯಾರೋ ಒಬ್ಬ ನಟಿ ಬೆಳಿಗ್ಗೆ ಬೇಗ ಎದ್ದು, ಮೇಕಪ್ ಹಾಕಿಸಿಕೊಂಡು, ಗಂಟೆಗಟ್ಟಲೆ ಕಾದು, ಈ ಮಾತು ಹೇಳಿ ಹೋಗಬೇಕು. ಅವಳಿಗೆ ಒಂದು ಬೇಕು ಕೊಡೋಣ ಎಂದು ಕೂತೆ. ಅವಳ ಡ್ಯೂಟಿ ಮುಗಿಯುವ ಹೊತ್ತು. ಮುಂದೆ ಇರುವ ಫಾರ್ಮ್ ತುಂಬಿಸಿ ಎದ್ದು ಹೋಗಬೇಕು. ಬಂದವನಿಗೆ ಒಳಗೆ ಹೋಗುವ ಆತುರ. ಅವಳು ಫಾರ್ಮ್ ತಿರುಗಿಸಿ ಅವನ ಮುಂದೆ ಇಟ್ಟು, 'ಪೇಷಂಟ್ ವಯಸ್ಸು ಬರೆದಿಲ್ಲ' ಎನ್ನುತ್ತಾಳೆ. ಅವನು ಪೆನ್ ತೆಗೆದುಕೊಳ್ಳುತ್ತಾನೆ. ಬರೆಯಲು ಹೋಗಿ ನಿಲ್ಲುತ್ತಾನೆ. ಅಪ್ಪನ ವಯಸ್ಸು ಎಷ್ಟೆಂದು ಅವನಿಗೆ ಗೊತ್ತಿಲ್ಲ. 'ಸುಮಾರು ಹೇಳಿ ಸರ್' ಎನ್ನುತ್ತಾಳೆ ಅವಳು, ಗಡಿಯಾರ ನೋಡುತ್ತಾ.

ಅದರ ಮುಂದಿನ ಸೀನ್‌ನಲ್ಲಿ ಮಗ ಹಾಸಿಗೆಯ ಪಕ್ಕ ಕೂತು, 'ನಿಮ್ಮ ಬಗ್ಗೆ ನಾನು ಏನೂ ತಿಳಿದುಕೊಳ್ಳಲೇ ಇಲ್ಲ ಅಪ್ಪ' ಎಂದು ಶುರುಮಾಡಿ ಆರು ಸಾಲು ಮಾತಾಡುತ್ತಿದ್ದ. ಆ ಆರು ಸಾಲನ್ನೂ ತೆಗೆದುಹಾಕಿದೆ. ಈಗ ಅವನು ಬಂದು ಹಾಸಿಗೆಯ ಕಾಲ ಬಳಿ ತೂಗುಹಾಕಿದ ಚಾರ್ಟ್ ಎತ್ತಿ ಓದುತ್ತಾನೆ. ನರ್ಸ್ ಪಾತ್ರಕ್ಕೆ ಎರಡು ಮಾತು, ಒಂದು ಫಾರ್ಮ್, ಒಂದು ಗಡಿಯಾರ ಸಿಕ್ಕಿದೆ.